‘ಕ್ಷಮಿಸಿದಂತೆ’ ಎಂಬಲ್ಲಿ ನಾಲಿಗೆ ನಿಲ್ಲುತ್ತದೆ ಎಂದವರಿಗೆ

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಉಡುಪಿಯ ಕಡೆಯವರು, ಚಿಕ್ಕಂದಿನಿಂದ ಚರ್ಚಿಗೆ ಹೋಗುವವರು. ನಿಮ್ಮ ಅಣ್ಣ ತಾಯಿಯ ಕೈಯಿಂದ ಸಹಿ ಹಾಕಿಸಿಕೊಂಡು ಮನೆ, ತೋಟ ಎರಡನ್ನೂ ತನ್ನ ಹೆಸರಿಗೆ ಮಾಡಿಕೊಂಡಿದ್ದಾರೆ. ನಾಲ್ಕು ವರ್ಷಗಳಿಂದ ಮಾತುಕತೆ ಇಲ್ಲ, ಕೋರ್ಟಿನಲ್ಲಿ ದಾವೆ ನಡೆಯುತ್ತಿದೆ. ಭಾನುವಾರ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬಲ್ಲಿಗೆ ಬರುವಾಗ ನಿಮ್ಮ ನಾಲಿಗೆ ನಿಲ್ಲುತ್ತದೆ. ನಾನು ಕ್ಷಮಿಸದಿದ್ದರೆ ದೇವರು ನನ್ನನ್ನು ಕ್ಷಮಿಸುವುದಿಲ್ಲವೇ, ಕ್ಷಮಿಸಿದರೆ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ.

ನಾನು ದೇವಶಾಸ್ತ್ರ ಓದಿದವನಲ್ಲ. ಮಂಗಳೂರಿನ ಬಲ್ಮಠ ಗುಡ್ಡದ ಆಸುಪಾಸಿನಲ್ಲಿ ಬೆಳೆದು, 34 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಹೆಚ್ಚಿನ ಕಾಲ ಸಾಲದ ವಿಭಾಗದಲ್ಲಿಯೇ ಇದ್ದೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ನಾಟಕ, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹೆತ್ತ ಈ ಕರಾವಳಿಯಲ್ಲಿ ಸಾಲ, ಜಾಮೀನು, ಕಂತು ಎಂಬ ಮಾತುಗಳು ಮಕ್ಕಳಿಗೂ ಗೊತ್ತು. ಆ ಮಾತುಗಳಲ್ಲೇ ಉತ್ತರ ಹೇಳುತ್ತೇನೆ, ಏಕೆಂದರೆ ಯೇಸು ಈ ವಿಷಯವನ್ನು ಹೇಳಿದ್ದೂ ಅದೇ ಮಾತುಗಳಲ್ಲಿ. ಮತ್ತಾಯನ ಸುವಾರ್ತೆಯ ಆ ಸಾಲಿನಲ್ಲಿ ನಾವು ‘ತಪ್ಪು’ ಎಂದು ಓದುವ ಕಡೆ ಗ್ರೀಕ್ ಮೂಲದಲ್ಲಿ ಇರುವುದು ‘ಸಾಲ’ ಎಂಬ ಪದ. ‘ಕ್ಷಮಿಸು’ ಎಂದು ಓದುವ ಕಡೆ ಇರುವ ಕ್ರಿಯಾಪದಕ್ಕೆ ‘ಬಿಟ್ಟುಬಿಡು’ ಎಂಬ ಅರ್ಥವಿದೆ.

ನನ್ನ ಕಥೆ ಇದು. ನನ್ನ ದೊಡ್ಡಪ್ಪನ ಮಗ ಟೆಂಪೊ ಕೊಳ್ಳಲು ಒಂದು ಸಹಕಾರಿ ಸಂಘದಲ್ಲಿ ಸಾಲ ಮಾಡಿದ. ಜಾಮೀನಿಗೆ ನಾನು ಸಹಿ ಹಾಕಿದೆ. ಎರಡು ವರ್ಷವಾಗುವಷ್ಟರಲ್ಲಿ ಟೆಂಪೊ ಮಾರಿ ಮುಂಬೈಗೆ ಹೋದ, ವಿಳಾಸವನ್ನೂ ಬಿಟ್ಟು ಹೋಗಲಿಲ್ಲ. 1996ರ ಏಪ್ರಿಲ್‌ನಿಂದ ನನ್ನ ಸಂಬಳದಲ್ಲಿ ತಿಂಗಳಿಗೆ 1,450 ರೂಪಾಯಿ ಕಡಿತವಾಗತೊಡಗಿತು. ಒಟ್ಟು 72 ಕಂತು. ಮನೆಯಲ್ಲಿ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ ಅದು.

ಕಪಾಟಿನಲ್ಲಿ ನೀಲಿ ರಟ್ಟಿನ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದೆ. ಸಂಬಳದ ದಿನ ರಾತ್ರಿ ಊಟವಾದ ಮೇಲೆ ಅದನ್ನು ತೆಗೆದು ತಾರೀಖು, ಮೊತ್ತ, ಈವರೆಗಿನ ಒಟ್ಟು ಎಂದು ಮೂರು ಕಾಲಮಿನಲ್ಲಿ ಬರೆಯುತ್ತಿದ್ದೆ. ಎರಡನೆಯ ವರ್ಷದಲ್ಲೇ ‘ನಾನು ಅವನನ್ನು ಕ್ಷಮಿಸಿದ್ದೇನೆ’ ಎಂದು ನೆಂಟರ ಎದುರು ಹೇಳಿದ್ದೆ. ಆದರೆ ಮದುವೆ ಮನೆಯಲ್ಲಿ ಯಾರಾದರೂ ಅವನ ಹೆಸರೆತ್ತಿದರೆ ಮೂರನೆಯ ಕಾಲಮಿನ ಅಂಕಿ ನನ್ನ ಬಾಯಿಗೆ ತಾನಾಗಿ ಬರುತ್ತಿತ್ತು.

ಬ್ಯಾಂಕಿನಲ್ಲಿ ‘ರೈಟ್ ಆಫ್’ ಬೇರೆ, ‘ಮನ್ನಾ’ ಬೇರೆ. ವಾರ್ತಾಪತ್ರಿಕೆ ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ರೈಟ್ ಆಫ್ ಆದ ಸಾಲ ಲೆಕ್ಕದ ಪಟ್ಟಿಯಿಂದ ಹೊರಗೆ ಹೋಗುತ್ತದೆ, ಆದರೆ ವಸೂಲಿಯ ಹಕ್ಕು ಹಾಗೆಯೇ ಉಳಿಯುತ್ತದೆ. ನೋಟಿಸು ಹೋಗುತ್ತದೆ, ಜಾಮೀನುದಾರನ ಬಾಗಿಲು ತಟ್ಟುವುದೂ ನಿಲ್ಲುವುದಿಲ್ಲ. ಮನ್ನಾ ಆದ ಸಾಲದಲ್ಲಿ ಹಕ್ಕೇ ಇಲ್ಲವಾಗುತ್ತದೆ, ನಷ್ಟ ಸಾಲ ಕೊಟ್ಟವನದಾಗುತ್ತದೆ. ನಾನು ಐದು ವರ್ಷ ಮಾಡಿದ್ದು ರೈಟ್ ಆಫ್.

2001ರ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ರಾತ್ರಿ ಮತ್ತಾಯನ 18ನೇ ಅಧ್ಯಾಯ ಓದುತ್ತಿದ್ದೆ. ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಏಳೆಪ್ಪತ್ತು ಸಾರಿ ಎಂದು ಹೇಳಿ ಯೇಸು ಒಂದು ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಹೇಳುತ್ತಾನೆ. ಅರಸನಿಗೆ 10,000 ತಲಾಂತು ಕೊಡಬೇಕಾಗಿದ್ದ ಸೇವಕನನ್ನು ಅರಸ ಬಿಟ್ಟುಬಿಡುತ್ತಾನೆ. ಹೊರಗೆ ಹೋದ ಅದೇ ಸೇವಕ ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿತು. ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹಾಗಾದರೆ ಸೇವಕನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ.

ಇನ್ನೊಂದು ಅಂಕಿಯನ್ನೂ ದಯವಿಟ್ಟು ನೋಡಿ. 100 ದಿನಾರಿ ಎಂದರೆ ನೂರು ದಿನದ ದುಡಿಮೆ. ಅದು ಚಿಲ್ಲರೆ ಕಾಸಲ್ಲ. ನಿಮ್ಮ ಅಣ್ಣ ಮಾಡಿದ್ದು ಸಣ್ಣದು, ಮರೆತುಬಿಡಿ ಎಂದು ಯಾರಾದರೂ ಹೇಳಿದರೆ ಅದು ಯೇಸುವಿನ ಮಾತಲ್ಲ. ನಿಮಗೆ ಆದ ನಷ್ಟ ನಷ್ಟವೇ.

ಆ ರಾತ್ರಿ ನನ್ನನ್ನು ತಡೆದು ನಿಲ್ಲಿಸಿದ್ದು ಸೇವಕನ ಬೇಡಿಕೆ. ಅವನು ಮನ್ನಾ ಕೇಳಲೇ ಇಲ್ಲ. ‘ತಾಳಿಕೊಳ್ಳಿ, ಎಲ್ಲವನ್ನೂ ತೀರಿಸುತ್ತೇನೆ’ ಎಂದ. ಕೇಳಿದ್ದು ವಾಯಿದೆ. ಸಾಲದ ವಿಭಾಗದಲ್ಲಿ ಕುಳಿತವನಿಗೆ ಆ ಮಾತು ಸಾವಿರ ಸಲ ಕೇಳಿದ ಮಾತು. ಅರಸ ಕೊಟ್ಟದ್ದು ಮನ್ನಾ, ಆದರೆ ಸೇವಕನ ತಲೆಯಲ್ಲಿ ಉಳಿದದ್ದು ವಾಯಿದೆ ಎಂದೇ ನನಗೆ ಅನಿಸುತ್ತದೆ. ಇನ್ನೂ ತೀರಿಸಬೇಕಾಗಿದೆ ಎಂದುಕೊಂಡವನು ಬರಬೇಕಾದ್ದನ್ನು ವಸೂಲಿ ಮಾಡಲು ಓಡುತ್ತಾನೆ.

ನಾನೂ ಹಾಗೆಯೇ ಇದ್ದೆ. ನನ್ನ ತಂದೆ ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗ, ಲೆಕ್ಕ ತಪಾಸಣೆ ಇದೆ ಎಂದು ಹೇಳಿ ಎಲ್ಲವನ್ನೂ ತಂಗಿಯ ಮೇಲೆ ಹಾಕಿದೆ. ತಂದೆ ರಾತ್ರಿ ನನ್ನನ್ನು ಕೇಳುತ್ತಿದ್ದರಂತೆ. ಅವರು ಹೋದ ಮೇಲೆ ಸಭೆಯ ಸಮಿತಿಗೆ ಸೇರಿದೆ, ಕಾಣಿಕೆ ಹೆಚ್ಚಿಸಿದೆ, ಗಾಯನ ವೃಂದದಲ್ಲಿ ಹಾಡಿದೆ. ಅವೆಲ್ಲ ದೇವರಿಗೆ ನಾನು ಕಟ್ಟುತ್ತಿದ್ದ ಕಂತುಗಳು. ಪ್ರತಿ ಭಾನುವಾರ ಪಾಪನಿವೇದನೆಯ ಪ್ರಾರ್ಥನೆ ಹೇಳುತ್ತಿದ್ದೆ, ಸಭಾಪಾಲಕರು ಕ್ಷಮೆಯ ಮಾತನ್ನು ಓದುತ್ತಿದ್ದರು, ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ, ತೆಗೆದುಕೊಳ್ಳುತ್ತಿರಲಿಲ್ಲ.

ಆ ವಾರ ಜೆಪ್ಪುವಿನಲ್ಲಿದ್ದ ತಂಗಿಯ ಮನೆಗೆ ಹೋದೆ. ಅವಳು ಮೆಟ್ಟುಕತ್ತಿಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ಬಾಗಿಲ ಬಳಿ ನಿಂತುಕೊಂಡೇ ಹೇಳಿದೆ: ತಪಾಸಣೆ ಇದ್ದದ್ದು ಎರಡು ವಾರ ಮಾತ್ರ, ಉಳಿದ ದಿನ ನಾನು ಬರಬಹುದಿತ್ತು, ನನಗೆ ಆ ಕೋಣೆಗೆ ಬರಲು ಹೆದರಿಕೆಯಾಗುತ್ತಿತ್ತು. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. ಕಾಯಿಯ ಹೋಳು ಪೂರ್ತಿ ಬರಿದಾದ ಮೇಲೆ ಅದನ್ನು ಪಕ್ಕಕ್ಕಿಟ್ಟು, ‘ನನಗೆ ಗೊತ್ತಿತ್ತು ಅಣ್ಣಾ. ನಾನು ಅದನ್ನು ಯಾವಾಗಲೋ ಬಿಟ್ಟೆ. ನೀನೇ ಹಿಡಿದುಕೊಂಡಿದ್ದೆ’ ಎಂದಳು. ಮತ್ತೆ ಊಟಕ್ಕೆ ಕುಳಿತುಕೊಳ್ಳಲು ಹೇಳಿದಳು.

ಮೊದಲ ಪ್ರಶ್ನೆಗೆ ನನ್ನ ಉತ್ತರ ಅಲ್ಲಿದೆ. ‘ನೀವು ಕ್ಷಮಿಸದಿದ್ದರೆ ನಿಮ್ಮ ತಂದೆಯೂ ಕ್ಷಮಿಸುವುದಿಲ್ಲ’ ಎಂಬ ಮಾತು ಸುವಾರ್ತೆಯಲ್ಲಿ ಇರುವುದು ನಿಜ, ಅದನ್ನು ತೆಳುಮಾಡಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಸಾಮ್ಯದಲ್ಲಿ ಮೊದಲು ಬಿಟ್ಟವನು ಅರಸ. ಸೇವಕ ಯಾರನ್ನೂ ಕ್ಷಮಿಸುವ ಮೊದಲೇ ಬಿಟ್ಟ. ನಮ್ಮ ಕ್ಷಮೆ ದೇವರ ಕ್ಷಮೆಗೆ ಕೊಡುವ ಬೆಲೆಯಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ನಮಗೆ ವಿರುದ್ಧವಾಗಿದ್ದ ಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದನು ಎಂದಿದೆ. ಅಲ್ಲಿನ ಗ್ರೀಕ್ ಪದಕ್ಕೆ ಸಾಲಗಾರ ಸ್ವಹಸ್ತದಿಂದ ಬರೆದುಕೊಟ್ಟ ಸಾಲಪತ್ರ ಎಂದರ್ಥ. ನಷ್ಟವನ್ನು ಯಾರೋ ಹೊತ್ತಿದ್ದಾರೆ. ಆದ್ದರಿಂದ ಅಣ್ಣನ ಮೇಲಿನ ಸಿಟ್ಟಿನ ಜೊತೆ ಗುದ್ದಾಡುವ ಮೊದಲು, ನೀವೇ ಯಾವುದಕ್ಕಾದರೂ ಕಂತು ಕಟ್ಟುತ್ತಿದ್ದೀರಾ ನೋಡಿಕೊಳ್ಳಿ. ನಾನು ಇದನ್ನು ಆರೋಪವಾಗಿ ಕೇಳುತ್ತಿಲ್ಲ. ನನ್ನ ಗಂಟು ಅಲ್ಲಿ ಬಿಚ್ಚಿತು, ಅದಕ್ಕೆ ಹೇಳುತ್ತಿದ್ದೇನೆ.

ತಂಗಿಯ ಮನೆಯಿಂದ ಬಂದ ಮೇಲೂ ಇನ್ನೂ 12 ಕಂತು ಬಾಕಿ ಇತ್ತು. ಸಂಬಳದ ಚೀಟಿಯಲ್ಲಿ ಆ ಕಡಿತ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಅದೇ ಉರಿ. ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದ್ದೆ, ಅಷ್ಟೇ. ಪ್ರತಿ ತಿಂಗಳೂ ಮತ್ತೊಮ್ಮೆ ಬಿಡಬೇಕಾಯಿತು. ಒಬ್ಬನ ಒಂದೇ ತಪ್ಪಿಗೂ ಏಳೆಪ್ಪತ್ತು ಸಾರಿ ಬೇಕಾಗುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು. ನಿಮಗೂ ಒಂದು ಭಾನುವಾರ ಹೇಳಲು ಸಾಧ್ಯವಾಗಿ ಮುಂದಿನ ಭಾನುವಾರ ಮತ್ತೆ ನಾಲಿಗೆ ನಿಂತರೆ, ಮೊದಲನೆಯದು ಸುಳ್ಳಾಗಿತ್ತು ಎಂದುಕೊಳ್ಳಬೇಡಿ.

ಇನ್ನು ದಾವೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ನನ್ನ 34ನೇ ಕಂತಿನ ತಿಂಗಳು ಅದು. ಪತ್ರಿಕೆ ಮಡಚಿಟ್ಟು ತಲೆ ತಗ್ಗಿಸಿದ್ದು ನೆನಪಿದೆ. ಆದರೆ ಅವರ ಕ್ಷಮೆಯಿಂದ ವಿಚಾರಣೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕ್ಷಮಿಸುವುದು ಗ್ಲಾಡಿಸ್ ಅವರ ಕೈಯಲ್ಲಿತ್ತು, ನ್ಯಾಯ ನ್ಯಾಯಾಲಯದ ಕೈಯಲ್ಲಿತ್ತು.

ಮನೆಯ ಜಗಳ ಇದಕ್ಕಿಂತ ಬೇರೆ ಎಂಬುದನ್ನೂ ಒಪ್ಪುತ್ತೇನೆ. ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದನ್ನು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕಟುವಾಗಿ ಖಂಡಿಸುತ್ತಾನೆ. ಅನ್ಯಾಯವನ್ನು ಏಕೆ ಸಹಿಸಬಾರದು ಎಂದೂ ಕೇಳುತ್ತಾನೆ, ನಿಮ್ಮಲ್ಲಿ ತೀರ್ಮಾನ ಮಾಡಬಲ್ಲ ಬುದ್ಧಿವಂತ ಒಬ್ಬನೂ ಇಲ್ಲವೇ ಎಂದೂ ಕೇಳುತ್ತಾನೆ. ಸಿವಿಲ್ ದಾವೆಯನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಕಾನೂನಿನಲ್ಲೇ ಅವಕಾಶವಿದೆ. ನಿಮ್ಮ ವಕೀಲರನ್ನು ಕೇಳಿ. ನಿಮ್ಮ ತಾಯಿ ಇನ್ನೂ ಆ ಮನೆಯಲ್ಲಿದ್ದು, ಅವರ ಹಕ್ಕಿಗೆ ಕುತ್ತು ಬಂದಿದ್ದರೆ ದಾವೆಯನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ತಾಯಿಯ ಸೂರನ್ನು ಉಳಿಸುವುದು ಸೇಡಲ್ಲ. ಕೋರ್ಟಿನ ಮೆಟ್ಟಿಲಲ್ಲಿ ಅಣ್ಣ ಎದುರಾದಾಗ ನಿಮಗೆ ಬೇಕಾದದ್ದು ನಿಮ್ಮ ಪಾಲೋ, ಅವರ ಅವಮಾನವೋ, ಅದು ನಿಮಗೊಬ್ಬರಿಗೇ ಗೊತ್ತು.

2009ರ ಮಳೆಗಾಲದಲ್ಲಿ ನನ್ನ ದೊಡ್ಡಪ್ಪನ ಮಗ ಮನೆಗೆ ಬಂದ. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಒಂದು ಲಕೋಟೆಯನ್ನು ಮೇಜಿನ ಮೇಲೆ ಇಟ್ಟ. ಐದು ಸಾವಿರ ರೂಪಾಯಿ. ‘ಸ್ವಲ್ಪ ಸಮಯ ಕೊಡು, ಎಲ್ಲ ತೀರಿಸುತ್ತೇನೆ’ ಎಂದ. ಅದೇ ಮಾತು. ತೀರಿಸುವುದಕ್ಕೆ ಏನೂ ಉಳಿದಿಲ್ಲ ಎಂದು ಲಕೋಟೆಯನ್ನು ಅವನ ಕಡೆಗೆ ಸರಿಸಿದೆ. ಅವನು ನಂಬಲಿಲ್ಲ, ಪುಸ್ತಕ ತೋರಿಸು ಎಂದ. ನಾನು ಲೆಕ್ಕ ಇಡುತ್ತೇನೆಂದು ಇಡೀ ಕುಟುಂಬಕ್ಕೆ ಗೊತ್ತಿತ್ತು. ಕಪಾಟಿನಿಂದ ತಂದುಕೊಟ್ಟೆ. 60ನೇ ಕಂತಿನ ನಂತರದ ಪುಟಗಳಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆದಿದ್ದಳು. ಅವನು ಒಂದೊಂದೇ ಪುಟ ಮಗುಚುತ್ತಾ ಹೋದ. ಹೊರಗೆ ಮಳೆ ಜೋರಾಯಿತು, ಆ ರಾತ್ರಿ ಅವನು ನಮ್ಮಲ್ಲೇ ಉಳಿದ.