ಧ್ಯಾನಕ್ಕೆ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತೆ, ಇದರಿಂದ ಲಾಭ ಇದೆಯಾ?

ನೀವು ಕೇಳಿದ್ದು ಎರಡು. ಮನಸ್ಸು ನಿಲ್ಲದಿದ್ದರೂ ಧ್ಯಾನದಿಂದ ಲಾಭ ಇದೆಯಾ? ಮನೆ, ಮಕ್ಕಳು ಅಂತ ಇರುವವರು ಇದರಿಂದ ಆಧ್ಯಾತ್ಮದಲ್ಲಿ ಮುಂದೆ ಹೋಗಬಹುದಾ? ನಾನು ವಿಜಯಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಗುರುವೂ ಅಲ್ಲ, ಸ್ವಾಮಿಯೂ ಅಲ್ಲ. ತಿಳಿದಷ್ಟು ಹೇಳುತ್ತೇನೆ.

ಮನಸ್ಸು ಓಡುತ್ತೆ ಅಂತ ಬೇಜಾರಾಗಬೇಡಿ. ನಮ್ಮ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರೇ ತಮ್ಮ ಮನಸ್ಸು ಕೊಂಬೆ ಮೇಲಿನ ಕೋತಿ ಹಾಗೆ, ನಿಂತಲ್ಲಿ ನಿಲ್ಲಲ್ಲ ಅಂತ ವಚನದಲ್ಲಿ ಹೇಳಿಕೊಂಡಿದ್ದಾರೆ. ಇನ್ನು ನಮ್ಮದೇನು! ಓಡಿದ್ದು ಗೊತ್ತಾದಾಗ ಬೈದುಕೊಳ್ಳದೆ ಮತ್ತೆ ಉಸಿರಿಗೋ ನಾಮಕ್ಕೋ ಕರೆತರುತ್ತೀರಲ್ಲ, ಅಭ್ಯಾಸ ಅಂದರೆ ಅದೇ.

ಲಾಭ ನನಗೆ ಕಂಡದ್ದು ಅಂಗಡಿಯಲ್ಲಿ. ಮುಂಗಾರು ಬಿತ್ತನೆ ಹೊತ್ತಿಗೆ ತೊಗರಿ ಬೀಜಕ್ಕೆ ಗದ್ದಲ. ಹಳೇ ಉದ್ರಿ ಕೊಡದವರೇ ಮುಂದೆ ನಿಂತು ಜೋರು ಮಾಡುತ್ತಾರೆ. ಮೊದಲೆಲ್ಲ ಮಾತು ಬಾಯಿಂದ ಬಿದ್ದ ಮೇಲೆ ಸಿಟ್ಟು ಬಂದದ್ದು ಗೊತ್ತಾಗುತ್ತಿತ್ತು. ಈಗ ಕಿವಿ ಬಿಸಿಯಾಗುವಾಗಲೇ ಗೊತ್ತಾಗುತ್ತೆ. ಸಿಟ್ಟೇನೂ ಹೋಗಿಲ್ಲ. ಸುಮ್ನೆ ಉದ್ರಿ ವಹಿ ತೆಗೆದು ಅವರ ಪುಟ ಹುಡುಕುತ್ತೇನೆ, ಅಷ್ಟರಲ್ಲಿ ಬಾಯಿ ಹತೋಟಿಗೆ ಬಂದಿರುತ್ತೆ.

ಸಂಶೋಧನೆ ಕೇಳಿದರೆ, 2014ರಲ್ಲಿ ಅಮೆರಿಕದವರು 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು ಸುಮಾರು 3500 ಜನ. ಆತಂಕ, ಖಿನ್ನತೆ, ನೋವು ಒಂದು ಮಟ್ಟಿಗೆ ಕಡಿಮೆಯಾಗುತ್ತೆ ಅಂತ ಕಂಡುಬಂತು. ನಿದ್ದೆಗೆ, ತೂಕಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಔಷಧಿಗಿಂತ, ವ್ಯಾಯಾಮಕ್ಕಿಂತ ಮೇಲು ಅನ್ನೋದಕ್ಕೂ ಸಿಗಲಿಲ್ಲ. ಹಾಗಾಗಿ ಬಿಪಿ ಗುಳಿಗೆ ಬಿಟ್ಟು ಧ್ಯಾನಕ್ಕೆ ಕೂರೋದು ಬೇಡ.

ಇನ್ನು ಎರಡನೇದು. ನಮ್ಮ ಕಡೆ ಧ್ಯಾನ ಮನೆ ಬಿಟ್ಟವರ ಸ್ವತ್ತಾಗಿ ಉಳಿದಿಲ್ಲ. ನಮ್ಮ ಅಜ್ಜಿ ಬೆಳಿಗ್ಗೆ ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕೂರುತ್ತಿದ್ದಳು. ಲಿಂಗದ ಕರಿ ಮೈ ಮೇಲೆ ದೀಪದ ಬೆಳಕು ಸಾಸಿವೆಯಷ್ಟು ಚುಕ್ಕೆಯಾಗಿ ಹೊಳೆಯುತ್ತಿತ್ತು, ಅದರ ಮೇಲೇ ಅವಳ ಕಣ್ಣು. ಪೂಜೆ ಮುಗಿಸಿ ಎದ್ದವಳೇ ರೊಟ್ಟಿ ಬಡಿಯೋಕೆ ಕೂರುತ್ತಿದ್ದಳು.

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರನ್ನು ನೋಡಿ. ನಾಮಸ್ಮರಣೆಯನ್ನೇ ಸಾಧನೆ ಅನ್ನುವ ಇಂಚಗೇರಿ ಗುರುಪರಂಪರೆಯವರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದರು, ಕುಲಪತಿಯೂ ಆದರು. ಸಂಸಾರ, ನೌಕರಿ ಎಲ್ಲ ಇಟ್ಟುಕೊಂಡೇ ನಾಮಸ್ಮರಣೆ ನಡೆಸಿದರು. ಕೊನೆಗೆ ನಮ್ಮ ಜಿಲ್ಲೆಯ ನಿಂಬಾಳದಲ್ಲಿ 1957ರಲ್ಲಿ ದೇಹ ಬಿಟ್ಟರು. ಅಲ್ಲಿ ಈಗಲೂ ಅವರ ಆಶ್ರಮ ಇದೆ.

ಕೂತಾಗ ಬೆಳಕು ಕಂಡಿತು, ನಾದ ಕೇಳಿತು ಅಂತ ಲೆಕ್ಕ ಇಡುವವರೂ ಇದ್ದಾರೆ. ಸುಳ್ಳು ಅನ್ನಲ್ಲ. ಆದರೆ ಅಂಥವರು ಎದ್ದ ಕೂಡಲೇ ಸೊಸೆ ಮೇಲೆ ರೇಗಾಡಿದರೆ ನನಗೆ ನಂಬಿಕೆ ಬರಲ್ಲ. ಬೆಳೆದದ್ದು ಗೊತ್ತಾಗೋದು ತಕ್ಕಡಿ ಹಿಡಿದಾಗ, ಆಸ್ತಿ ಪಾಲಾಗುವಾಗ, ಅಲ್ವಾ?

ನೀವು ಸದ್ಯ ಬೆಳಗಿನ ಚಹಾಕ್ಕೆ ಮೊದಲು ಹದಿನೈದು ನಿಮಿಷ ಕೂತುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮೊಣಕಾಲು ನೋಯುತ್ತಿದ್ದರೆ ಖುರ್ಚಿ ಸಾಕು. ಹತ್ತು ದಿನ ಮೌನದ ವಿಪಶ್ಯನಾ ಶಿಬಿರಕ್ಕೆ ಈಗಲೇ ಹೆಸರು ಹಚ್ಚಬೇಡಿ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರಂತೂ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.