ಓದುಗರ ಪ್ರಶ್ನೆ: ಜಾಗ ಬಿಟ್ಟು ಬದುಕದ ಕಲೆ

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಶಿಲ್ಪವೊಂದನ್ನು ನಿಲ್ಲಿಸಿದರೆ ಅದು ‘ಸ್ಥಳನಿರ್ದಿಷ್ಟ ಕಲೆ’ ಎನಿಸುತ್ತದೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಬಯಲಿನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಎನಿಸುವುದಿಲ್ಲ. ಬೇರೆಡೆ ಕಡೆದು ತಂದು ವೃತ್ತದಲ್ಲಿಟ್ಟ ಪ್ರತಿಮೆಯನ್ನು ನಾಳೆ ಇನ್ನೊಂದು ವೃತ್ತಕ್ಕೂ ಒಯ್ಯಬಹುದು. ಸ್ಥಳನಿರ್ದಿಷ್ಟ ಕೃತಿಯಾದರೋ ಆ ಜಾಗದ ಅಳತೆ, ಬೆಳಕು, ಜನರ ಓಡಾಟಗಳಿಂದಲೇ ಹುಟ್ಟಿರುತ್ತದೆ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1981ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಕಚೇರಿಯ ಅಂಗಳಕ್ಕೆಂದು 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆಯನ್ನು ರಚಿಸಿದರು. ಅದು ಓಡಾಟಕ್ಕೆ ಅಡ್ಡಿಯೆಂದು ನೌಕರರು ದೂರಿದಾಗ, ಸ್ಥಳಾಂತರಿಸಿದರೆ ಕೃತಿಯೇ ನಾಶವಾದಂತೆ ಎಂದು ಸೆರಾ ವಾದಿಸಿದರು. ಆದರೂ 1989ರಲ್ಲಿ ಅದನ್ನು ತೆಗೆಯಲಾಯಿತು. (ನನಗೆ ಇಬ್ಬರ ವಾದದಲ್ಲೂ ಹುರುಳಿದೆ ಎನಿಸುತ್ತದೆ.)

ನಮ್ಮ ಜಿಲ್ಲೆಯಲ್ಲೇ ನೋಡುವುದಾದರೆ, ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳಿವೆ. ಕಾವಿ ಕಲೆಯಲ್ಲಿ ಸುಣ್ಣದ ಗಾರೆ ಹಸಿಯಿರುವಾಗಲೇ ಕೆಮ್ಮಣ್ಣಿನ ಬಣ್ಣ ಬಳಿದು, ಮೊನಚಾದ ಸಲಾಕೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವುದರಿಂದ, ಚಿತ್ರವು ಗೋಡೆಯದೇ ಭಾಗವಾಗಿಬಿಡುತ್ತದೆ. ಗೋಡೆ ಕೆಡವಿದರೆ ಚಿತ್ರವೂ ಹೋಯಿತು.

ನಿಮ್ಮ ತೀರಕ್ಕೆ ಕೃತಿ ರಚಿಸುವವರು ಉಪ್ಪುಗಾಳಿ, ಮಳೆಗಾಲದ ಅಲೆ, ಮೀನುಗಾರರು ಬಲೆ ಎಳೆಯುವ ಜಾಗ ಇವೆಲ್ಲವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾದಾ ಕಬ್ಬಿಣವಂತೂ ಅಲ್ಲಿ ಬಹುಕಾಲ ಬಾಳದು.