ಸಿಎಫ್‌ಸಿ ಜಾಸ್ತಿ ಬಿಟ್ಟಿದ್ದು ಉತ್ತರದ ದೇಶಗಳು, ಓಝೋನ್ ರಂಧ್ರ ಮಾತ್ರ ಅಂಟಾರ್ಕ್ಟಿಕಾ ಮೇಲೆ ಯಾಕೆ?

ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್ ಎಂಬ ಕ್ಲೋರಿನ್ ಇರುವ ಅನಿಲ) ಭೂಮಿಯ ಸುತ್ತ ಎಲ್ಲ ಕಡೆ ಇದೆ, ಆದರೆ ಅದು ಓಝೋನನ್ನು ಈ ಮಟ್ಟಕ್ಕೆ ನಾಶ ಮಾಡಲು ಬೇಕಾದ ಚಳಿ ಪ್ರತಿವರ್ಷ ಸಿಗುವುದು ಅಲ್ಲಿ ಮಾತ್ರ. ಹಳೇ ಫ್ರಿಜ್, ಎಸಿ, ಸ್ಪ್ರೇ ಡಬ್ಬಿಗಳಿಂದ ಹೊರಬಿದ್ದ ಈ ಅನಿಲ ಗಾಳಿಗಿಂತ ಭಾರ, ನಿಜ. ಹಾಗಂತ ಸುಮ್ನೆ ನೆಲದ ಮೇಲೆ ಕೂರುವುದಿಲ್ಲ. ಗಾಳಿ ಕಲಕುತ್ತಲೇ ಇರುತ್ತದಲ್ವಾ, ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಬೆರೆತುಬಿಡುತ್ತದೆ.

ತುಂಬಾ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣ ಬಿದ್ದು ಸಿಎಫ್‌ಸಿ ಒಡೆಯುತ್ತದೆ, ಕ್ಲೋರಿನ್ ಹೊರಬರುತ್ತದೆ. ಅದರ ಬಹುಪಾಲು ಬೇರೆ ರಾಸಾಯನಿಕಗಳ ಜೊತೆ ಸೇರಿ ತೆಪ್ಪಗಿರುತ್ತದೆ. ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಕಥೆಯೇ ಬೇರೆ. ಸುತ್ತ ಬೀಸುವ ಜೋರು ಗಾಳಿ ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಸುಮಾರು 20 ಕಿ.ಮೀ. ಎತ್ತರದಲ್ಲಿ ಉಷ್ಣತೆ ಮೈನಸ್ 78 ಡಿಗ್ರಿಗಿಂತಲೂ ಕೆಳಗಿಳಿದು ತೆಳುವಾದ ಮೋಡಗಳು ಹುಟ್ಟುತ್ತವೆ. ಆ ಮೋಡದ ಕಣಗಳ ಮೇಲೆ ಕ್ಲೋರಿನ್ ಮತ್ತೆ ಚುರುಕಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಬಿಸಿಲು ಬಂದದ್ದೇ ತಡ, ಒಂದೊಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಮುರಿಯುತ್ತದೆ. ಗಾಳಿ ಬೆಚ್ಚಗಾದ ಮೇಲೆ, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ, ರಂಧ್ರ ಮುಚ್ಚುತ್ತದೆ.

ಹಾಗಾಗಿ ಒಂದು ವರ್ಷದ ಸುದ್ದಿ ನೋಡಿ ತೀರ್ಮಾನಕ್ಕೆ ಬರಬೇಡಿ. 2019ರಲ್ಲಿ ರಂಧ್ರ ತೀರಾ ಚಿಕ್ಕದಿತ್ತು, 2020ರಲ್ಲಿ ದೊಡ್ಡದಾಯಿತು. ಎರಡಕ್ಕೂ ಮುಖ್ಯ ಕಾರಣ ಆಯಾ ವರ್ಷ ಮೇಲೆ ಚಳಿ ಎಷ್ಟಿತ್ತು ಎಂಬುದು: 2019ರಲ್ಲಿ ಕಡಿಮೆ, 2020ರಲ್ಲಿ ಜಾಸ್ತಿ. ನಿಜವಾದ ಚೇತರಿಕೆ ನಿಧಾನ: 1987ರ ಮಾಂಟ್ರಿಯಲ್ ಒಪ್ಪಂದದಿಂದ ಸಿಎಫ್‌ಸಿ ತಯಾರಿಕೆ ಬಹುತೇಕ ನಿಂತಿದೆ, ಆದರೆ ಈಗಾಗಲೇ ಮೇಲಿರುವ ಸಿಎಫ್‌ಸಿ-12 ಎಂಬ ಬಗೆ ಸುಮಾರು 100 ವರ್ಷ ಉಳಿಯುತ್ತದೆ. ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂಬುದು ವಿಜ್ಞಾನಿಗಳ ಅಂದಾಜು.